ಓದುಗರ ಪ್ರಶ್ನೆ: ಕೇಬಲ್ ಕಿತ್ತರೆ ಬೋರ್ಡ್ ಏಕೆ ಕಾಯುತ್ತಾ ಕೂರುತ್ತದೆ?

ಪ್ರ: ನಮ್ಮ ಬೋರ್ಡಿಗೆ ಎರಡು ಈಥರ್ನೆಟ್ ಪೋರ್ಟ್. ಯೋಕ್ಟೋದಲ್ಲಿ (ಬೋರ್ಡಿಗೆ ತಕ್ಕ ಲಿನಕ್ಸ್ ಕಟ್ಟುವ ಸಾಧನ) ಕಟ್ಟಿದ ಲಿನಕ್ಸ್, ನೆಟ್‌ವರ್ಕ್ ನೋಡಿಕೊಳ್ಳುವುದು ಸಿಸ್ಟಮ್‌ಡಿಯ (ಬೂಟ್ ಆಗುವಾಗ ಸರ್ವಿಸ್‌ಗಳನ್ನು ಎಬ್ಬಿಸುವ ವ್ಯವಸ್ಥೆ) ಭಾಗವಾದ ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ. ಎರಡೂ ಕೇಬಲ್ ಇದ್ದರೆ ನಮ್ಮ ಪ್ರೋಗ್ರಾಂ ಬೇಗ ಶುರುವಾಗುತ್ತದೆ. ಒಂದನ್ನು ಕಿತ್ತರೆ ಎರಡು ನಿಮಿಷ ಸುಮ್ಮನಿರುತ್ತದೆ. ಏಕೆ?

ಉ: ಆ ಎರಡು ನಿಮಿಷವೇ ಸುಳಿವು. ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ-ವೇಟ್-ಆನ್‌ಲೈನ್ ಎಂಬ ಸರ್ವಿಸಿನ ಗಡುವು, ನಾವು ಬದಲಿಸದಿದ್ದರೆ, 120 ಸೆಕೆಂಡ್. ನೆಟ್‌ವರ್ಕ್‌ಡಿ ಕೈಯಲ್ಲಿರುವ ಎಲ್ಲ ಪೋರ್ಟ್‌ಗಳೂ ಸಜ್ಜಾಗಲಿ ಎಂದು ಅದು ಕಾಯುತ್ತದೆ. ಕೇಬಲ್ ಇಲ್ಲದ ಪೋರ್ಟ್ ‘ಕಾನ್ಫಿಗರಿಂಗ್’ ಎನ್ನುತ್ತಲೇ ಕೂತಿರುತ್ತದೆ.

ಮೊದಲು ಖಚಿತಪಡಿಸಿಕೊಳ್ಳಿ. ಬೋರ್ಡ್ ಕಾಯುತ್ತಿರುವಾಗಲೇ ಸೀರಿಯಲ್ ಕನ್ಸೋಲಿನಲ್ಲಿ ಲಾಗಿನ್ ಆಗಿ ‘ಸಿಸ್ಟಮ್‌ಸಿಟಿಎಲ್ ಲಿಸ್ಟ್-ಜಾಬ್ಸ್’ ಕೊಟ್ಟರೆ ಯಾವ ಸರ್ವಿಸ್ ಓಡುತ್ತಿದೆ, ಯಾವುದು ಸರದಿಯಲ್ಲಿದೆ ಎಂಬುದು ಕಾಣುತ್ತದೆ. ಬೂಟ್ ಮುಗಿದ ಮೇಲೆ ‘ಸಿಸ್ಟಮ್‌ಡಿ-ಅನಲೈಜ್ ಕ್ರಿಟಿಕಲ್-ಚೈನ್’ ನೋಡಿ, ಯಾವುದು ಯಾವುದಕ್ಕೆ ಕಾದಿತು ಎಂದು ತಿಳಿಯುತ್ತದೆ. ಒಂದೊಂದು ಸರ್ವಿಸ್ ಎಷ್ಟು ಹೊತ್ತು ತೆಗೆದುಕೊಂಡಿತೆಂದು ಹೇಳುವ ‘ಬ್ಲೇಮ್’ ಪಟ್ಟಿಯೊಂದನ್ನೇ ನಂಬಬೇಡಿ: ಜೊತೆಜೊತೆಗೆ ಓಡಿ ಯಾರನ್ನೂ ತಡೆಯದ ಸರ್ವಿಸ್ ಕೂಡ ಅಲ್ಲಿ ಮೇಲ್ಗಡೆ ಬಂದು ಕೂರುತ್ತದೆ.

ಸರಿಯಾದ ಪರಿಹಾರ ಕೇಬಲ್ ಇಲ್ಲದ ಪೋರ್ಟಿನ ನೆಟ್‌ವರ್ಕ್ ಫೈಲಿನಲ್ಲಿದೆ. ಲಿಂಕ್ ವಿಭಾಗದಲ್ಲಿ ‘ರಿಕ್ವೈರ್ಡ್‌ಫಾರ್‌ಆನ್‌ಲೈನ್=ನೋ’ ಎಂದು ಬರೆಯಿರಿ. ಯಾವ ಪೋರ್ಟಿಗೆ ಕೇಬಲ್ ಬರುತ್ತದೋ ಗೊತ್ತಿಲ್ಲದಿದ್ದರೆ ‘ಸಿಸ್ಟಮ್‌ಸಿಟಿಎಲ್ ಎಡಿಟ್’ ಮೂಲಕ ವೇಟ್-ಆನ್‌ಲೈನ್ ಸರ್ವಿಸಿಗೆ ‘ಎನಿ’ (ಒಂದು ಪೋರ್ಟ್ ಸಜ್ಜಾದರೂ ಸಾಕು) ಮತ್ತು ‘ಟೈಮ್‌ಔಟ್=10’ ಆಯ್ಕೆಗಳನ್ನು ಕೊಡಿ. ಇಲ್ಲಿ ಎಡವುವ ಜಾಗವೊಂದಿದೆ. ಓಡಿಸಬೇಕಾದ ಕಮಾಂಡನ್ನು ಹೇಳುವ ಹೊಸ ‘ಎಕ್ಸೆಕ್‌ಸ್ಟಾರ್ಟ್’ ಸಾಲಿಗೆ ಮೊದಲು, ಹಳೆಯದನ್ನು ಅಳಿಸಲು, ಬಲಗಡೆ ಏನೂ ಇಲ್ಲದ ‘ಎಕ್ಸೆಕ್‌ಸ್ಟಾರ್ಟ್=’ ಸಾಲು ಬೇಕು. ಇದು ಒನ್‌ಶಾಟ್ ಬಗೆಯ (ಇಂಥ ಹಲವು ಸಾಲುಗಳನ್ನು ಒಪ್ಪುವ) ಸರ್ವಿಸ್ ಆದ್ದರಿಂದ ಆ ಸಾಲು ಮರೆತರೂ ದೋಷ ಬರುವುದಿಲ್ಲ. ಹಳೆಯ ಕಮಾಂಡೇ ಮೊದಲು ಓಡಿ ಅದೇ ಎರಡು ನಿಮಿಷ ನುಂಗುತ್ತದೆ.

ಇಷ್ಟಾದರೂ ಕೇಳಲೇಬೇಕಾದ್ದು: ನಿಮ್ಮ ಪ್ರೋಗ್ರಾಂ ನೆಟ್‌ವರ್ಕಿಗೆ ಕಾಯಬೇಕೇ? ಅದನ್ನು ಹೇಗೆ, ಯಾವಾಗ ಎಬ್ಬಿಸಬೇಕೆಂದು ಸಿಸ್ಟಮ್‌ಡಿಗೆ ಹೇಳುವ ಯೂನಿಟ್ ಫೈಲಿನಲ್ಲಿ ‘ನೆಟ್‌ವರ್ಕ್-ಆನ್‌ಲೈನ್.ಟಾರ್ಗೆಟ್’ ಇದ್ದರೆ ಅದು ವೇಟ್-ಆನ್‌ಲೈನ್ ಮುಗಿಯುವವರೆಗೆ ಕಾಯುತ್ತದೆ. ಆ ಸಾಲಿದ್ದರೆ, ಬಹುಪಾಲು ಅದು ಬೇರೆಲ್ಲಿಂದಲೋ ನಕಲಾಗಿ ಬಂದದ್ದು. ‘ವಾಂಟ್ಸ್’, ‘ಆಫ್ಟರ್’ ಎರಡೂ ಕಡೆಯಿಂದ ತೆಗೆಯಿರಿ. ಸಂಪರ್ಕ ಸಿಗದಿದ್ದರೆ ಪ್ರೋಗ್ರಾಂ ತಾನೇ ಮತ್ತೆ ಪ್ರಯತ್ನಿಸಲಿ. ಹೇಗಿದ್ದರೂ ಮಧ್ಯಾಹ್ನ ಯಾರಾದರೂ ಕೇಬಲ್ ಕಿತ್ತರೆ ಅದು ಬೇಕಾಗುವ ಬುದ್ಧಿಯೇ.

ಪ್ರ: ಹಾಗೆ ತೆಗೆದೆ. ಈಗ ಪ್ರೋಗ್ರಾಂ ಕೆಲವೊಮ್ಮೆ ಏಳುವುದೇ ಇಲ್ಲ.

ಉ: ನಿಮ್ಮ ಪ್ರೋಗ್ರಾಂ ನಿರ್ದಿಷ್ಟ ಐಪಿ ವಿಳಾಸಕ್ಕೆ ಬೈಂಡ್ ಮಾಡುತ್ತಿರಬೇಕು, ಅಂದರೆ ಆ ಒಂದು ವಿಳಾಸದ ಮೇಲಷ್ಟೇ ಕೇಳಿಸಿಕೊಳ್ಳಲು ಹೊರಟಿರಬೇಕು. ವಿಳಾಸ ಇನ್ನೂ ಬಂದಿರದಿದ್ದರೆ ಬೈಂಡ್ ಸೋಲುತ್ತದೆ. 0.0.0.0 (ಬೋರ್ಡಿನ ಎಲ್ಲ ವಿಳಾಸಗಳು) ಮೇಲೆ ಕೇಳಿಸಿಕೊಳ್ಳುವಂತೆ ಬದಲಿಸಿ. ಜೊತೆಗೆ ‘ರೀಸ್ಟಾರ್ಟ್=ಆನ್-ಫೇಲ್ಯೂರ್’ ಇದ್ದೂ ‘ರೀಸ್ಟಾರ್ಟ್‌ಸೆಕ್’ (ಮತ್ತೆ ಎಬ್ಬಿಸುವ ಮೊದಲಿನ ಬಿಡುವು) ಇಲ್ಲವೇ ನೋಡಿ. ಬಿಟ್ಟರೆ ಅದು 100 ಮಿಲಿಸೆಕೆಂಡ್. 10 ಸೆಕೆಂಡಿನೊಳಗೆ 5 ಸಲ ಎದ್ದು ಬಿದ್ದರೆ ಸಿಸ್ಟಮ್‌ಡಿ ಕೈಚೆಲ್ಲುತ್ತದೆ, ಆಮೇಲೆ ಕೇಬಲ್ ಹಾಕಿದರೂ ಪ್ರಯೋಜನವಿಲ್ಲ. ‘ರೀಸ್ಟಾರ್ಟ್‌ಸೆಕ್=5’ ಸಾಕು.

ಪ್ರ: ಸಿಸ್ಟಮ್‌ಡಿ ಶುರುವಾಗುವ ಮೊದಲೇ, ಕರ್ನಲ್ ಹಂತದಲ್ಲೇ ತಡವಾಗುತ್ತಿದೆ.

ಉ: ಯು-ಬೂಟ್‌ನಲ್ಲಿ (ಕರ್ನಲನ್ನು ಎಬ್ಬಿಸುವ ಬೂಟ್‌ಲೋಡರ್) ‘ಪ್ರಿಂಟ್‌ಎನ್ವ್ ಬೂಟ್‌ಆರ್ಗ್ಸ್’ ಕೊಡಿ, ಕರ್ನಲ್‌ಗೆ ಹೋಗುವ ಆಯ್ಕೆಗಳು ಕಾಣುತ್ತವೆ. ಕರ್ನಲೇ ನೆಟ್‌ವರ್ಕಿನಿಂದ ಐಪಿ ವಿಳಾಸ ಪಡೆಯಲಿ ಎನ್ನುವ ‘ಐಪಿ=ಡಿಎಚ್‌ಸಿಪಿ’ ಸಿಕ್ಕರೆ ಕಳ್ಳ ಸಿಕ್ಕಂತೆ. ಕೇಬಲ್ ಇಲ್ಲದಿದ್ದರೆ ಕರ್ನಲ್ ಲಿಂಕಿಗಾಗಿ 120 ಸೆಕೆಂಡ್ ಕಾಯುತ್ತದೆ. ರೂಟ್ ಫೈಲ್‌ಸಿಸ್ಟಮ್ ಎನ್‌ಎಫ್‌ಎಸ್ (ಬೇರೆ ಸರ್ವರಿನ ಫೈಲುಗಳನ್ನು ನೆಟ್‌ವರ್ಕ್ ಮೂಲಕ ಬಳಸುವ ವಿಧಾನ) ಮೇಲಿದ್ದಾಗ ಆ ಆಯ್ಕೆ ಬೇಕು. ಬೋರ್ಡಿನ ಮೇಲೇ ಇರುವ ಇಎಂಎಂಸಿ ಸಂಗ್ರಹಕ್ಕೆ ಬಂದ ಮೇಲೆ ಬೇಡ. ಡೆವಲಪ್‌ಮೆಂಟ್ ಕಾಲದ ಈ ತುಣುಕು ಪ್ರೊಡಕ್ಷನ್ ಬೋರ್ಡಿನಲ್ಲೂ ಉಳಿದುಬಿಡುತ್ತದೆ. ತೆಗೆದು ‘ಸೇವ್‌ಎನ್ವ್’ ಮಾಡಿ.

ಪ್ರ: ಎಫ್‌ಎಸ್‌ಟ್ಯಾಬ್‌ನಲ್ಲಿ (ಏನೇನು ಮೌಂಟ್ ಆಗಬೇಕೆಂಬ ಪಟ್ಟಿಯ ಫೈಲ್) ಒಂದು ಎನ್‌ಎಫ್‌ಎಸ್ ಫೋಲ್ಡರ್ ಇದೆ. ಸರ್ವರ್ ಆಫ್ ಇದ್ದರೆ ಬೂಟ್ ನಿಲ್ಲುತ್ತದೆ.

ಉ: ಆಯ್ಕೆಗಳಿಗೆ ‘ನೋಫೇಲ್’, ‘ಎಕ್ಸ್-ಸಿಸ್ಟಮ್‌ಡಿ.ಆಟೋಮೌಂಟ್’, ‘ಎಕ್ಸ್-ಸಿಸ್ಟಮ್‌ಡಿ.ಮೌಂಟ್-ಟೈಮ್‌ಔಟ್=10’ ಸೇರಿಸಿ. ಬೂಟ್ ಮುಂದೆ ಸಾಗುತ್ತದೆ. ಫೋಲ್ಡರನ್ನು ಯಾರಾದರೂ ಮುಟ್ಟಿದಾಗಷ್ಟೇ ಮೌಂಟ್. ಆದರೆ ನಿಮ್ಮ ಪ್ರೋಗ್ರಾಂ ಶುರುವಿನಲ್ಲೇ ಅದನ್ನು ಮುಟ್ಟುವಂತಿದ್ದರೆ ಕಾಯುವುದು ತಪ್ಪುವುದಿಲ್ಲ, ಬೂಟ್ ಬದಲು ಪ್ರೋಗ್ರಾಂ ಕಾಯುತ್ತದೆ ಅಷ್ಟೆ.