ಒಂದು ಉಂಡೆ, ಎರಡು ಕಣ್ಣು: ಇದರಲ್ಲಿ ಕಲೆ ಏನಿದೆ?

ಪ್ರಶ್ನೆ: ಎಂಟು ವರ್ಷದ ನನ್ನ ಮಗ ಜಪಾನಿನ ವಿಡಿಯೊ ಗೇಮುಗಳಲ್ಲಿ ಬರುವ ಕರ್ಬಿ, ಪಿಕಾಚು ಮೊದಲಾದ ಪ್ರಾಣಿಗಳನ್ನೇ ದಿನವಿಡೀ ಬಿಡಿಸುತ್ತಾನೆ. ಒಂದು ಉಂಡೆ, ಎರಡು ಕಣ್ಣು, ಮೋಟು ಕಾಲು. ಇದರಲ್ಲಿ ಕಲೆಯೆಂಬುದು ಏನಿದೆ? ಆದರೂ ಇವು ಇಷ್ಟು ಮುದ್ದಾಗಿ ಕಾಣುವುದೇಕೆ?
– ಓದುಗರೊಬ್ಬರು, ಧಾರವಾಡ

ಉತ್ತರ: ನಿಮ್ಮ ಮಗ ಬಿಡಿಸುವ ಆ ಉಂಡೆಯ ಹಿಂದೆ ಬಹಳ ಯೋಚನೆಯಿದೆ. ಕರ್ಬಿ ಮೊದಲು ಕಾಣಿಸಿಕೊಂಡದ್ದು 1992ರಲ್ಲಿ, ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಯಂತ್ರದಲ್ಲಿ. ಅದರ ಪುಟ್ಟ ಪರದೆಯಲ್ಲಿ ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕೆಗಳಿದ್ದವು. ಬಣ್ಣವಿರಲಿಲ್ಲ, ಇದ್ದದ್ದು ನಾಲ್ಕು ಛಾಯೆಗಳು ಮಾತ್ರ. ಆಟವನ್ನು ರೂಪಿಸುತ್ತಿದ್ದ ಮಸಾಹಿರೊ ಸಕುರಾಯ್, ನಾಯಕನ ಚಿತ್ರವನ್ನು ಆಮೇಲೆ ಬರೆದರಾಯಿತೆಂದು, ಅಲ್ಲಿಯವರೆಗಿನ ಕೆಲಸಕ್ಕೆ ಒಂದು ಸಾದಾ ಉಂಡೆಯನ್ನು ಇಟ್ಟುಕೊಂಡಿದ್ದರು. ದಿನ ಕಳೆದಂತೆ ಆ ಉಂಡೆಯೇ ಅವರ ಮನಸ್ಸಿಗೆ ಹಿಡಿಸಿ, ಅದೇ ನಾಯಕನಾಗಿ ಉಳಿಯಿತು. ಪರದೆಯಲ್ಲಿ ಬಣ್ಣವಿಲ್ಲದ ಕಾರಣ ಕರ್ಬಿಯ ಬಣ್ಣ ಗುಲಾಬಿಯೆಂಬುದು ಎಲ್ಲರಿಗೂ ತಿಳಿದಿರಲಿಲ್ಲ. ಅಮೆರಿಕದಲ್ಲಿ ಮಾರಾಟವಾದ ಪೆಟ್ಟಿಗೆಯ ಮೇಲೆ ಕರ್ಬಿ ಬೆಳ್ಳಗೇ ಇದೆ.

ಅದಕ್ಕೂ ಮೊದಲು, 1986ರ ಡ್ರ್ಯಾಗನ್ ಕ್ವೆಸ್ಟ್ ಆಟಕ್ಕಾಗಿ ಅದನ್ನು ರೂಪಿಸಿದ ಯುಜಿ ಹೊರಿಯಿ ಗೀಚಿಕೊಟ್ಟ ಸ್ಲೈಮ್ ಎಂಬ ಎದುರಾಳಿ ಜೀವಿ ನೆಲಕ್ಕೆ ಹರಡಿಕೊಂಡ ಲೋಳೆಯ ಮುದ್ದೆಯಂತಿತ್ತು. ಚಿತ್ರಕಾರ ಅಕಿರಾ ತೊರಿಯಾಮ ಅದನ್ನು ನಗುಮುಖದ ಒಂದು ನೀಲಿ ಹನಿಯನ್ನಾಗಿ ಮಾಡಿದರು. ಎದುರಾಳಿಯನ್ನೂ ಮುದ್ದಿಸಬೇಕೆನಿಸುವಂತೆ ಬರೆದ ಆ ಕೈ ದೊಡ್ಡದೆಂದೇ ನಾನು ತಿಳಿಯುತ್ತೇನೆ.

ಪಿಕಾಚುವಿನ ಕಥೆ ಇನ್ನೂ ಸೊಗಸಾಗಿದೆ. 1996ರ ಮೊದಲ ಪೋಕೆಮಾನ್ ಆಟದ 151 ಜೀವಿಗಳಲ್ಲಿ ಒಂದಾದ ಇದನ್ನು ರೂಪಿಸಿದವರು ಅತ್ಸುಕೊ ನಿಶಿದಾ ಎಂಬ ಕಲಾವಿದೆ. ಅವರ ಮನಸ್ಸಿನಲ್ಲಿ ಮೊದಲು ಇದ್ದದ್ದು, ಜಿಗುಟು ಅಕ್ಕಿಹಿಟ್ಟಿನೊಳಗೆ ಸಿಹಿ ಹೂರಣ ತುಂಬಿ ಮಾಡುವ ದೈಫುಕು ಎಂಬ ಜಪಾನೀ ತಿನಿಸಿನ ಆಕಾರ. ಅಳಿಲಿನ ಜಾತಿಯ ಪ್ರಾಣಿಗಳು ಕೆನ್ನೆಯಲ್ಲಿ ಕಾಳು ತುಂಬಿಕೊಳ್ಳುವುದನ್ನು ನೆನೆದು, ಪಿಕಾಚುವಿನ ಕೆನ್ನೆಯಲ್ಲಿ ಅವರು ವಿದ್ಯುತ್ತನ್ನು ತುಂಬಿಸಿದರು. ಆ ಎರಡು ಕೆಂಪು ಬೊಟ್ಟುಗಳು ಬರಿಯ ಅಲಂಕಾರವಲ್ಲ. ಜಪಾನೀ ಭಾಷೆಯಲ್ಲಿ ‘ಪಿಕಾ’ ಎಂದರೆ ಮಿಂಚಿನ ಫಳಕು, ‘ಚು’ ಎಂದರೆ ಇಲಿಯ ಚೀಂಗುಟ್ಟುವ ದನಿ.

ಇನ್ನು ಮುದ್ದಿನ ಕಾರಣ. ದೊಡ್ಡ ತಲೆ, ತಲೆಯಲ್ಲಿ ತುಸು ಕೆಳಗಿರುವ ದೊಡ್ಡ ಕಣ್ಣು, ಉಬ್ಬಿದ ಕೆನ್ನೆ, ಮೋಟು ಕೈಕಾಲು, ಇವೆಲ್ಲ ಎಳೆಯ ಕೂಸಿನ ಲಕ್ಷಣಗಳು. ಇವುಗಳನ್ನು ಕಂಡೊಡನೆ ನಮ್ಮಲ್ಲಿ ಸಾಕುವ, ಸಲಹುವ ಭಾವ ಏಳುತ್ತದೆಂದು ಪ್ರಾಣಿವರ್ತನೆಯ ವಿಜ್ಞಾನಿ ಕೊನ್ರಾಡ್ ಲೊರೆಂಟ್ಸ್ 1943ರಲ್ಲೇ ಬರೆದಿದ್ದರು.

ಒಂದು ಪ್ರಯೋಗ ಮಾಡಿನೋಡಿ. ಮಗನಿಗೆ ಗ್ರಾಫ್ ಹಾಳೆಯಲ್ಲಿ 16 ಮನೆ ಉದ್ದ, 16 ಮನೆ ಅಗಲದ ಚೌಕ ಹಾಕಿಕೊಟ್ಟು, ಪ್ರತಿ ಮನೆಯನ್ನೂ ಒಂದೋ ಪೂರ್ತಿ ಕಪ್ಪು ತುಂಬಿ, ಇಲ್ಲವೇ ಖಾಲಿ ಬಿಟ್ಟು ಕರ್ಬಿಯನ್ನು ಬರೆಯಲು ಹೇಳಿ. ಅದು ಮುಗಿದ ಮೇಲೆ ಪಕ್ಕದಲ್ಲೇ ಇನ್ನೊಂದು ಕರ್ಬಿಯನ್ನು ಬರೆಸಿ, ಕಣ್ಣುಗಳನ್ನು ಮಾತ್ರ ಎರಡು ಮನೆ ಮೇಲಕ್ಕೆ ಇಡಿಸಿ. ಯಾವುದು ಮುದ್ದಾಗಿದೆಯೆಂದು ಅವನನ್ನೇ ಕೇಳಿ.