ಕಾಸು ಬೇರೆ, ಆರ್ಡರ್ ಬೇರೆ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಸುವ ಓದುಗರೊಬ್ಬರು ಬರೆದಿದ್ದಾರೆ: "ತೋರಣಗಲ್ಲಿನ ಉಕ್ಕಿನ ಕಂಪನಿಗೆ ಜಪಾನಿನವರು ದುಡ್ಡು ಹಾಕಿದ್ದಾರೆ. ಅದೇ ಕಂಪನಿ ಅಮೆರಿಕಕ್ಕೆ ಹೋಗಿ ಕಾರ್ಖಾನೆ ಕೊಂಡಿದೆ. ನಮ್ಮ ಜೀನ್ಸ್ ಕಡೆ ಮಾತ್ರ ಒಬ್ಬ ಫಾರಿನ್ ಸಾಹುಕಾರನೂ ತಿರುಗಿ ನೋಡಿಲ್ಲ. ಯಾಕೆ ಸಾರ್?"

ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಎರಡು ಬೇರೆ ಬೇರೆ ಕಸುಬನ್ನು ಒಂದೇ ತಕ್ಕಡಿಗೆ ಹಾಕಿದ್ದೀರಿ.

ನಿಮ್ಮ ಓಣಿಯನ್ನೇ ನೋಡಿ. ಕಟಿಂಗ್ ಒಂದು ಕಡೆ, ಹೊಲಿಗೆ ಇನ್ನೊಬ್ಬರ ಮನೆಯಲ್ಲಿ, ವಾಷಿಂಗ್ ಮತ್ತೆಲ್ಲೋ. ಬಂಡಲ್‌ಗಳು ಟಿವಿಎಸ್ ಮೇಲೆ ಓಡಾಡುತ್ತಿರುತ್ತವೆ. ಪ್ರಪಂಚದ ಜೀನ್ಸ್ ವ್ಯಾಪಾರವೂ ಹೀಗೇ, ಟಿವಿಎಸ್ ಬದಲು ಹಡಗು ಅಷ್ಟೇ. ಲೀವೈಸ್ ಕಂಪನಿ 2000ದ ದಶಕದ ಆರಂಭದಲ್ಲೇ ಅಮೆರಿಕದಲ್ಲಿದ್ದ ತನ್ನ ಹೊಲಿಗೆ ಕಾರ್ಖಾನೆಗಳಿಗೆ ಬೀಗ ಹಾಕಿತು. ಅದಕ್ಕೆ ಹೊಲಿದುಕೊಡುವವರು ಸಿಕ್ಕರೆ ಸಾಕು. ಇಲ್ಲಿ ಕೂಲಿ ಜಾಸ್ತಿಯಾದರೆ ಆರ್ಡರ್ ಬಾಂಗ್ಲಾದೇಶಕ್ಕೆ. ಅಲ್ಲಿಂದ ಯುರೋಪಿಗೆ ಹೋಗುವ ಬಟ್ಟೆಗೆ ಸುಂಕವೂ ಇಲ್ಲ. ಇಷ್ಟು ಸುಲಭವಾಗಿ ಎದ್ದು ಹೋಗಬಹುದಾದವರು ಸುಮ್ನೆ ಇಲ್ಲಿ ಜಾಗ ಕೊಂಡು ಗೋಡೆ ಯಾಕೆ ಕಟ್ಟುತ್ತಾರೆ?

ಉಕ್ಕು ಹಾಗಲ್ಲ. ಕಟ್ಟಿದ ಕುಲುಮೆಯನ್ನು ಹೊತ್ತುಕೊಂಡು ಹೋಗಲು ಆಗುವುದಿಲ್ಲ. ಸಂಡೂರಿನ ಅದಿರು ಪಕ್ಕದಲ್ಲೇ ಇದೆ, ಅದನ್ನು ಕರಗಿಸಿ ಕಬ್ಬಿಣ ಮಾಡಲು ಬೇಕಾದ ಕೋಕಿಂಗ್ ಕಲ್ಲಿದ್ದಲು ಮಾತ್ರ ಆಸ್ಟ್ರೇಲಿಯಾದಂಥ ದೇಶಗಳಿಂದ ಬರಬೇಕು. ಅದಿರಿಗೆ ಬೇಡಿಕೆ ಏರುವುದು ಚೀನಾದಲ್ಲಿ, ಧೂಳು ಏಳುವುದು ಇಲ್ಲಿ. 2008ರ ಹೊತ್ತಿನ ಹೊಸಪೇಟೆ ರಸ್ತೆಯ ಲಾರಿ ಸಾಲು ನೀವೂ ಕಂಡಿದ್ದೀರಲ್ಲ. ಇಂಥ ಕಸುಬಿನಲ್ಲಿ ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಬೇಕು. ಕಾರಿಗೆ ಬೇಕಾಗುವ ಉಕ್ಕಿನ ತಂತ್ರಜ್ಞಾನ ಜಪಾನಿನ ಜೆಎಫ್‌ಇ ಹತ್ತಿರ ಇತ್ತು, ಬೆಳೆಯುವ ಮಾರುಕಟ್ಟೆ ಇಲ್ಲಿತ್ತು. 2010ರಲ್ಲಿ ಜೆಎಫ್‌ಇ ನಿಮ್ಮ ತೋರಣಗಲ್ಲಿನ ಕಂಪನಿಯಾದ ಜೆಎಸ್‌ಡಬ್ಲ್ಯೂ ಸ್ಟೀಲ್‌ನಲ್ಲಿ ಪಾಲು ಕೊಂಡಿತು.

ಅಮೆರಿಕದ ಕಥೆ ಇನ್ನೂ ಮಜವಾಗಿದೆ. 2018ರಲ್ಲಿ ಅಲ್ಲಿ ಆಮದು ಉಕ್ಕಿಗೆ ಶೇ. 25 ಸುಂಕ ಬಿತ್ತು. ಬೇಲಿ ಹಾಕಿದರೆ ಬೇಲಿಯೊಳಗೇ ಹೊಲ ಕೊಂಡರಾಯಿತು, ಅಲ್ವಾ? ಅದೇ ವರ್ಷ ಜೆಎಸ್‌ಡಬ್ಲ್ಯೂ ಒಹಾಯೊದಲ್ಲಿ ಕಾರ್ಖಾನೆ ಕೊಂಡಿತು. ಟೆಕ್ಸಾಸಿನ ಬೇಟೌನ್‌ನಲ್ಲಿ 2007ರಲ್ಲೇ ಒಂದು ಕೊಂಡಿತ್ತು. ಆದರೆ ಬೇಟೌನ್‌ಗೆ ಬೇಕಾದ ಸ್ಲ್ಯಾಬ್ (ಉಕ್ಕಿನ ದಪ್ಪ ಹಲಗೆ) ಹೊರದೇಶದಿಂದ ಬರಬೇಕಿತ್ತು, ಅದಕ್ಕೂ ಅದೇ ಸುಂಕ! 2019ರಲ್ಲಿ ಕಂಪನಿಯವರು ಅಮೆರಿಕ ಸರ್ಕಾರದ ವಿರುದ್ಧ ಅಲ್ಲಿನ ಕೋರ್ಟಿಗೇ ಹೋದರು.

ಹಾಗಾಗಿ ನೀವು ಸಾಹುಕಾರನ ದಾರಿ ಕಾಯಬೇಡಿ, ಆರ್ಡರ್ ಹುಡುಕಿ. ಹೊರಗಿನ ಬ್ರ್ಯಾಂಡಿನವರು ಪೀಸಿನ ದರದ ಜೊತೆಗೆ ಇನ್ನೊಂದನ್ನೂ ಕೇಳುತ್ತಾರೆ: ವಾಷಿಂಗ್ ಯೂನಿಟ್‌ನ ನೀಲಿ ನೀರು ಎಲ್ಲಿಗೆ ಹೋಗುತ್ತದೆ? ನಿಮ್ಮ ಕಡೆಯದು ಎಲ್ಲಿಗೆ ಹೋಗುತ್ತದೆ ಅಂತ ಮುಂದಿನ ಪತ್ರದಲ್ಲಿ ಬರೆಯಿರಿ.

– ಸಂಪಾದಕ