ಮೊಣಕೈ ನೋವಿನಿಂದ ಸೀಸನ್ ಕಳೆದುಕೊಂಡ ಬೇಸ್‌ಬಾಲ್ ಪಿಚರ್ (ಚೆಂಡು ಎಸೆಯುವವನು) ಚಳಿಗಾಲದಲ್ಲಿ ಹೇಗೆ ತಯಾರಾಗಬೇಕು?

ಮಗನಿಗೆ 17, ಮೊಣಕೈ ಒಳಬದಿಯ ನೋವಿನಿಂದ ಸ್ಕೂಲ್ ಸೀಸನ್ ಪೂರ್ತಿ ಹೋಯಿತು, ಡಾಕ್ಟರ್ ಈಗ ಎಸೆಯಬಹುದು ಅಂದಿದ್ದಾರೆ. ಚಳಿಗಾಲಕ್ಕೆ ತೂಕದ ಚೆಂಡಿನ (ವೇಗ ಹೆಚ್ಚಲೆಂದು ಮಾಮೂಲಿಗಿಂತ ಭಾರದ ಚೆಂಡು ಎಸೆಯುವ) ಪ್ರೋಗ್ರಾಂ ಒಳ್ಳೆಯದಾ, ಖಾಸಗಿ ಪಿಚಿಂಗ್ ಕೋಚ್ ಒಳ್ಳೆಯದಾ ಅಂತ ಕೇಳಿದ್ದೀರಿ. ಸರ್, ನ್ಯೂಜೆರ್ಸಿಯಲ್ಲಿ ನಮ್ಮಪ್ಪನೂ ಇದೇ ಪ್ರಶ್ನೆ ಹಿಡಿದುಕೊಂಡು ಊರೆಲ್ಲ ಸುತ್ತಿದ್ದರು. ಕೊನೆಗೆ ಎರಡನ್ನೂ ಕೊಡಿಸಿದರು. ಫೆಬ್ರವರಿ ಮೂರನೇ ವಾರ ನನ್ನ ಕೈ ಮತ್ತೆ ಕೈಕೊಟ್ಟಿತು.

ತಪ್ಪು ಕೋಚಿನದಲ್ಲ, ಚೆಂಡಿನದೂ ಪೂರ್ತಿ ಅಲ್ಲ. ನನ್ನ ನೋಟ್‌ಬುಕ್ಕಿನದು. ಅದರಲ್ಲಿ ಬರೆದದ್ದು ಇಷ್ಟೇ: ಮಂಗಳವಾರ ಮೌಂಡ್ (ಪಿಚರ್ ನಿಂತು ಎಸೆಯುವ ದಿಬ್ಬ) ಮೇಲೆ 30 ಪಿಚ್, ಅಂದರೆ 30 ಎಸೆತ, ಶುಕ್ರವಾರ 30. ವಾರಕ್ಕೆ 60, ಬಹಳ ಹುಷಾರಾಗಿದ್ದೀನಿ ಅಂತ ನನ್ನ ಲೆಕ್ಕ. ಬರೆಯದೆ ಬಿಟ್ಟದ್ದನ್ನು ಆಮೇಲೆ ಫಿಸಿಯೊ ಒಂದೊಂದಾಗಿ ಕೇಳಿ ಕೂಡಿಸಿದರು. ಆ ಎರಡೂ ದಿನ ಮೌಂಡ್ ಹತ್ತುವ ಮೊದಲು ಗೋಡೆಗೆ ತೂಕದ ಚೆಂಡು, 40. ಪಾರ್ಟ್‌ನರ್ ಜೊತೆ ವಾರ್ಮ್‌ಅಪ್, 35. 30 ಮುಗಿದ ಮೇಲೆ ವೇಗ ಅಳೆಯುವ ರೇಡಾರ್ ಗನ್ ಎದುರು ‘ಇನ್ನು ನಾಲ್ಕೇ ನಾಲ್ಕು’ ಅಂತ ಶುರುವಾಗಿ ಮುಗಿಯುತ್ತಿದ್ದದ್ದು 10. ಅಲ್ಲಿಗೆ ದಿನಕ್ಕೆ 115. ಬುಧವಾರ, ಗುರುವಾರ ‘ವಿಶ್ರಾಂತಿ’. ಆ ವಿಶ್ರಾಂತಿಯ ದಿನಗಳಲ್ಲಿ ಸ್ಕೂಲ್ ಜಿಮ್‌ನಲ್ಲಿ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವಿನ ಫೀಲ್ಡರ್) ಜಾಗದಲ್ಲಿ ನಿಂತು ಫಸ್ಟ್ ಬೇಸ್‌ಗೆ ದಿನಕ್ಕೆ 45 ಥ್ರೋ. ಭಾನುವಾರ ಲಾಂಗ್ ಟಾಸ್, ಅಂದರೆ ದೂರಕ್ಕೆ ಎಸೆಯುವುದು, 60. ಒಟ್ಟು 380. ಪುಸ್ತಕದಲ್ಲಿ 60, ಕೈಯಲ್ಲಿ 380. ಅದಕ್ಕೂ ಮೂರು ವಾರ ಹಿಂದೆ ಇದೇ ಲೆಕ್ಕ ಸುಮಾರು 150 ಇತ್ತು. ನೋವಿರಲಿಲ್ಲ, ಹಾಗಾಗಿ ಏರಿಸಿದ್ದೇ ಗೊತ್ತಾಗಲಿಲ್ಲ.

ಇದನ್ನು ಇಷ್ಟು ಉದ್ದಕ್ಕೆ ಹೇಳುತ್ತಿರುವುದಕ್ಕೆ ಕಾರಣ ಇದೆ. ಎಸೆಯಲು ತೋಳು ಹಿಂದಕ್ಕೆ ಹೋದಾಗ ಮೊಣಕೈ ಸುಮಾರು 90 ಡಿಗ್ರಿ ಮಡಚಿರುತ್ತದೆ. ಮೈ ಮುಂದಕ್ಕೆ ತಿರುಗುತ್ತದೆ, ಮುಂಗೈ ಹಿಂದೆಯೇ ಉಳಿಯುತ್ತದೆ. ಆ ಗಳಿಗೆಯಲ್ಲಿ ಮೊಣಕೈನ ಒಳಬದಿ ಬಾಗಿಲಿನಂತೆ ತೆರೆದುಕೊಳ್ಳಲು ನೋಡುತ್ತದೆ. ತೆರೆಯದಂತೆ ಹಿಡಿಯುವುದು ಒಳಬದಿಯ ಲಿಗಮೆಂಟ್ ಮತ್ತು ಅದರ ಮೇಲೆ ಹಾದುಹೋಗುವ ಮುಂಗೈ ಸ್ನಾಯುಗಳು. ಸ್ನಾಯು ದಣಿದರೆ ಅದರ ಪಾಲಿನ ಭಾರವೂ ಲಿಗಮೆಂಟಿಗೇ. ದಣಿವು ಬರಲು ಮೌಂಡೇ ಬೇಕಿಲ್ಲ; ಜಿಮ್‌ನ 45 ಥ್ರೋ ಸಾಕು. ಮೇಲಾಗಿ ಸ್ನಾಯು ಕೆಲವೇ ವಾರಗಳಲ್ಲಿ ಬಲಿಯುತ್ತದೆ, ಲಿಗಮೆಂಟಿಗೆ ತಿಂಗಳುಗಳು ಬೇಕು. ಹುಡುಗನಿಗೆ ‘ಸೂಪರ್ ಆಗಿದೆ ಕೈ’ ಅನ್ನಿಸುವುದು ಈ ಎರಡರ ನಡುವಿನ ಅಂತರದಲ್ಲೇ.

ನೀವು ಕ್ರಿಕೆಟ್ ನೋಡಿ ಬೆಳೆದವರಾದರೆ ಇಲ್ಲಿ ಎಡವುತ್ತೀರಿ. ನಮ್ಮಪ್ಪ ಮಾತೆತ್ತಿದರೆ ಶ್ರೀನಾಥ್: 1997ರಲ್ಲಿ ಭುಜದ ಆಪರೇಷನ್, 1999ರಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ಪಾಕಿಸ್ತಾನದ ವಿರುದ್ಧ 13 ವಿಕೆಟ್. ನಿಜ. ಆದರೆ ಬೌಲರ್ ಕೈ ನೇರವಾಗಿರುತ್ತದೆ, ಹೊಡೆತ ಬೀಳುವುದು ಬೆನ್ನಿಗೆ, ಭುಜಕ್ಕೆ. ಕ್ರಿಕೆಟ್ ಚೆಂಡು 156ರಿಂದ 163 ಗ್ರಾಂ, ಬೇಸ್‌ಬಾಲ್ 142ರಿಂದ 149. ಹಗುರ ಅಲ್ವಾ ಅನ್ನಬೇಡಿ, ಮಡಚಿದ ಮೊಣಕೈಗೆ ಆ ಲೆಕ್ಕ ಹತ್ತುವುದಿಲ್ಲ.

ಹಾಗಾಗಿ ಚೆಂಡಾ, ಕೋಚಾ ಅನ್ನುವ ಪ್ರಶ್ನೆಯೇ ಸರಿಯಿಲ್ಲ. ಕೇಳಬೇಕಾದ್ದು: ಸೀಸನ್ ಶುರುವಾಗುವ ಏಪ್ರಿಲ್ ಹೊತ್ತಿಗೆ ಇವನ ಕೈ ವಾರಕ್ಕೆ ಒಟ್ಟು ಎಷ್ಟು ಎಸೆತ ತಡೆಯಬೇಕು, ಇವತ್ತು ಎಷ್ಟು ತಡೆಯುತ್ತದೆ? ತೂಕದ ಚೆಂಡು ಈ ಚಳಿಗಾಲಕ್ಕೆ ಬೇಡವೇ ಬೇಡ. 13ರಿಂದ 18 ವಯಸ್ಸಿನ ಪಿಚರ್‌ಗಳಿಗೆ ಆರು ವಾರ ಅದನ್ನು ಮಾಡಿಸಿ ನೋಡಿದ ಅಧ್ಯಯನವೊಂದು 2018ರಲ್ಲಿ ಬಂತು. ವೇಗ ಶೇ 3ರಷ್ಟು ಏರಿತು, ನಾಲ್ವರಲ್ಲಿ ಸುಮಾರು ಒಬ್ಬನಿಗೆ ಮೊಣಕೈ ಪೆಟ್ಟಾಯಿತು. ಇನ್ನು ಕೋಚ್‌ಗೆ ಕೊಡುವ ದುಡ್ಡನ್ನು ಫೆಬ್ರವರಿಗೆ ಇಟ್ಟುಕೊಳ್ಳಿ. ಅಲ್ಲಿವರೆಗಿನ ದುಡ್ಡು ಫಿಸಿಯೊಗೆ.

ಡಾಕ್ಟರ್ ಎಸೆಯಬಹುದು ಅಂದಿದ್ದರೂ, ಅವರೇ ಬೇರೆ ವೇಳಾಪಟ್ಟಿ ಕೊಟ್ಟಿಲ್ಲದಿದ್ದರೆ ನವೆಂಬರ್ ಮುಗಿಯುವವರೆಗೂ ಚೆಂಡು ಮುಟ್ಟಿಸಬೇಡಿ. ವಾರಕ್ಕೆ ಮೂರು ದಿನ ಕಾಲು, ಬೆನ್ನು: ಟ್ರ್ಯಾಪ್ ಬಾರ್ ಡೆಡ್‌ಲಿಫ್ಟ್ (ಚೌಕಟ್ಟಿನಂಥ ಬಾರ್ ಒಳಗೆ ನಿಂತು ನೆಲದಿಂದ ತೂಕ ಎತ್ತುವುದು) 5ರಂತೆ ಮೂರು ಸೆಟ್, ಸ್ಪ್ಲಿಟ್ ಸ್ಕ್ವಾಟ್ ಒಂದೊಂದು ಕಾಲಿಗೆ 8, ಒಂಟಿ ಕೈ ರೋ 10. ಭುಜಕ್ಕೆ ಪಕ್ಕಕ್ಕೆ ಮಲಗಿ 3ರಿಂದ 5 ಪೌಂಡ್ ಡಂಬೆಲ್‌ನಲ್ಲಿ ಮುಂಗೈ ಮೇಲಕ್ಕೆ ತಿರುಗಿಸುವುದು, 12ರಂತೆ ಮೂರು ಸೆಟ್. 10 ಪೌಂಡ್ ಹಿಡಿದರೆ ದೊಡ್ಡ ಸ್ನಾಯುಗಳು ಕೆಲಸ ಕಸಿದುಕೊಳ್ಳುತ್ತವೆ, ಮಾಡಿದ್ದು ದಂಡ.

ಡಿಸೆಂಬರ್ 1ಕ್ಕೆ 45 ಅಡಿಯಿಂದ ಶುರು. ದಿನ ಬಿಟ್ಟು ದಿನ, 25 ಥ್ರೋ, ಹತ್ತು ನಿಮಿಷ ಬಿಡುವು, ಮತ್ತೆ 25. ಎರಡು ದಿನ ನೋವಿಲ್ಲದೆ ಮುಗಿದರೆ ಮೂರು ಸೆಟ್, ಅಂದರೆ 75. ಅದೂ ಎರಡು ಸಲ ಸರಿಹೋದರೆ 60 ಅಡಿ, ಹಾಗೇ 90, 120. ಒಂದು ದೂರಕ್ಕೆ ನಾಲ್ಕು ದಿನ, ನಾಲ್ಕು ದೂರಕ್ಕೆ 16 ದಿನ. ವಾರಕ್ಕೆ ಮೂರರಂತೆ ಐದೂವರೆ ವಾರ. ನಡುವೆ ಶೀತ, ಪರೀಕ್ಷೆ ಅಂತ ಒಂದು ವಾರ ಹೋಗೇ ಹೋಗುತ್ತದೆ. ಜನವರಿ ಮಧ್ಯಕ್ಕೆ ಮೌಂಡ್. ಹಿಮ ಬಿದ್ದಾಗ ಒಳಾಂಗಣದ ಕೇಜ್‌ನಲ್ಲಿ 120 ಅಡಿ ಸಿಗುವುದಿಲ್ಲ, ಹುಡುಗರು ಹತ್ತಿರದ ನೆಟ್‌ಗೆ ಎಸೆಯುತ್ತಾರೆ. ಹಿಡಿಯುವವರಿಲ್ಲ, ದೂರದ ಅಂದಾಜಿಲ್ಲ, ಪ್ರತಿ ಎಸೆತವೂ ಪೂರ್ತಿ ಜೋರು. ಅದಕ್ಕಿಂತ ಆ ದಿನ ಬಿಟ್ಟುಬಿಡುವುದು ಮೇಲು.

ಮೌಂಡ್ ಮೇಲೆ ಮೊದಲು ಫಾಸ್ಟ್‌ಬಾಲ್ ಮಾತ್ರ: 15, 30, 45, 60 ಎಸೆತ ಅಂತ ಏರಿಸುತ್ತ, ಅರ್ಧ ಬಲದಲ್ಲಿ. ಇಲ್ಲೊಂದು ಮೋಸ ಇದೆ. ಅರ್ಧ ಬಲ ಅಂದರೂ ಪಿಚರ್‌ಗಳ ಚೆಂಡು ಪೂರ್ತಿ ವೇಗದ ಶೇ 85ರಷ್ಟು ಬರುತ್ತದೆ. ನಾನು ದಾಖಲೆಗೆ ಬಳಸಿದ ರೇಡಾರ್ ಗನ್ನನ್ನು ನೀವು ಕಡಿವಾಣಕ್ಕೆ ಬಳಸಿ. ಮಗನ ವೇಗ ಗಂಟೆಗೆ 80 ಮೈಲಿ ಇದ್ದರೆ ಮೊದಲ ಎರಡು ವಾರ 68 ದಾಟಿದ ತಕ್ಷಣ ಅವತ್ತಿನ ಅಭ್ಯಾಸ ಬಂದ್. ಬೈದುಕೊಳ್ಳುತ್ತಾನೆ, ಬೈದುಕೊಳ್ಳಲಿ. ಚೇಂಜಪ್ (ನಿಧಾನದ ಎಸೆತ) ಫೆಬ್ರವರಿ ಕೊನೆಗೆ, ಕರ್ವ್ (ಬಾಗುವ ಎಸೆತ) ಅದಕ್ಕೂ ಆಮೇಲೆ, ಬ್ಯಾಟರ್ ನಿಂತುಕೊಳ್ಳುವುದು ಮಾರ್ಚ್‌ನಲ್ಲಿ.

ಭುಜದ ಹಿಂಬದಿ ಮಾರನೇ ದಿನ ಬಿಗಿಯಾಗಿದ್ದು ವಾರ್ಮ್‌ಅಪ್‌ಗೆ ಸಡಿಲವಾದರೆ ಮುಂದುವರಿಸಬಹುದು. ವಾರ್ಮ್‌ಅಪ್ ಆದರೂ ಉಳಿದರೆ ಎರಡು ದಿನ ರಜೆ, ಹಿಂದಿನ ಮೆಟ್ಟಿಲಿಗೆ. ಮೊಣಕೈ ಒಳಬದಿಯ ಮೂಳೆಯ ಗಂಟನ್ನು ಒತ್ತಿದರೆ ನೋವು, ಅಥವಾ ಉಂಗುರದ ಬೆರಳು, ಕಿರುಬೆರಳು ಜುಮ್ಮೆಂದರೆ ಡಾಕ್ಟರ್ ಹತ್ತಿರವೇ.

ಪಂದ್ಯ ಶುರುವಾದ ಮೇಲೆ ಪಿಚ್ ಸ್ಮಾರ್ಟ್ (ಅಮೆರಿಕದ ಬೇಸ್‌ಬಾಲ್ ಸಂಸ್ಥೆಗಳು ಹುಡುಗರಿಗೆ ಕೊಟ್ಟ ಮಾರ್ಗಸೂಚಿ) ಮಿತಿ ಇದೆಯಲ್ಲ ಅನ್ನುತ್ತಾರೆ. 17–18 ವಯಸ್ಸಿಗೆ ದಿನಕ್ಕೆ 105, 80 ದಾಟಿದರೆ ನಾಲ್ಕು ದಿನ ಬಿಡುವು. ಸರಿ, ಆದರೆ ಆ ಎಣಿಕೆ ಪಂದ್ಯದ ಪಿಚ್‌ಗಳದ್ದು ಮಾತ್ರ. ಆ ನಾಲ್ಕು ದಿನ ಅವನನ್ನು ಶಾರ್ಟ್‌ಸ್ಟಾಪ್‌ನಲ್ಲಾಗಲಿ ಕ್ಯಾಚರ್ (ನಮ್ಮ ಕೀಪರ್ ಥರ) ಆಗಿ ಆಗಲಿ ನಿಲ್ಲಿಸಬೇಡಿ ಅಂತ ಸ್ಕೂಲ್ ಕೋಚ್‌ಗೆ ಈಗಲೇ ಹೇಳಿಡಿ. ಕೌಂಟರ್ ಒಂದು ತಗೊಳ್ಳಿ, ಜಪಕ್ಕೆ ಬೆರಳಿಗೆ ಹಾಕಿಕೊಂಡು ಒತ್ತುತ್ತಾರಲ್ಲ, ಅದೇ. ತಮಾಷೆಯ ಥ್ರೋ ಇದ್ದರೂ ಒತ್ತಬೇಕು.

ಮುಂಗೈಗೆ ಅಕ್ಕಿ ಬಕೆಟ್ ಅಂತ ಒಂದು ವ್ಯಾಯಾಮ ಇದೆ. ಐದು ಗ್ಯಾಲನ್ ಬಕೆಟ್‌ಗೆ 20 ಪೌಂಡ್ ಅಕ್ಕಿ ಹಾಕಿ ಕೈ ಮುಳುಗಿಸಿ ಮುಷ್ಟಿ ತೆರೆಯುವುದು, ಮುಚ್ಚುವುದು, ತಿರುಚುವುದು, 30 ಸೆಕೆಂಡಿನಂತೆ. ಈಗಿನಿಂದಲೇ ಮಾಡಬಹುದು. ಅಂಗಡಿಯ ಅಗ್ಗದ ಉದ್ದ ಕಾಳಿನ ಅಕ್ಕಿ ಸಾಕು. ನಾನು ಅಮ್ಮನ ಸೋನಾ ಮಸೂರಿ ಚೀಲಕ್ಕೇ ಕೈ ಹಾಕಿದ್ದೆ, ಆ ಚೀಲ ಮತ್ತೆ ಅಡುಗೆಮನೆಗೆ ಹೋಗಲಿಲ್ಲ.